ನೋವಿನ ತೀರ್ಪು ಯಾರ ಮೇಲೆ?

— ಮೊನ್ನೆ ಪ್ರಾರ್ಥನಾಕೂಟ ಮುಗಿದ ಮೇಲೆ ಸಭೆಯ ಹಿರಿಯರೊಬ್ಬರು ಹತ್ತಿರ ಬಂದು, ‘ದೇವರು ಹೊಡೆದಿದ್ದಾನೆ, ಇನ್ನಾದರೂ ಬುದ್ಧಿ ಕಲಿ’ ಅಂದರು, ದೊಡ್ಡಮ್ಮ. ಸುಳ್ಳು ಅನ್ನಿಸಲಿಲ್ಲ. ನಿಜ ಅಂತ ಒಪ್ಪೋಕೂ ಆಗಲಿಲ್ಲ. ಕೋಲು ಊರಿಕೊಂಡು ಸುಮ್ಮನೆ ಬಂದುಬಿಟ್ಟೆ.

— ಆ ಮಾತಿನಲ್ಲಿ ಎರಡು ವಿಷಯ ಒಂದಕ್ಕೊಂದು ಸುತ್ತಿಕೊಂಡಿವೆ ಕಣೋ. ಕುಡಿದು ಬೈಕ್ ಓಡಿಸಿದವರು ಬೀಳ್ತಾರೆ, ಕಾಲು ಮುರಿಯುತ್ತೆ. ಇದು ನಿನಗೂ ಗೊತ್ತು, ನನಗೂ ಗೊತ್ತು. ನಿನ್ನ ಕಾಲು ಮುರಿಯಲಿ ಅಂತ ದೇವರು ಆ ತಿರುವಿನಲ್ಲಿ ಕಾದು ನಿಂತಿದ್ದ ಅನ್ನೋದು ಬೇರೆಯೇ ಮಾತು. ಅದನ್ನು ಅವರಿಗೆ ಯಾರು ತಿಳಿಸಿದರು?

— ಬೈಬಲೇ ಹೇಳುತ್ತೆ ಅಂತಾರೆ. ಮೋಶೆಯ ವಿರುದ್ಧ ಮಾತಾಡಿದ ಮಿರ್ಯಾಮಳಿಗೆ ಕುಷ್ಠ ಬಂತು. ಸುಳ್ಳು ಹೇಳಿ ನಾಮಾನನಿಂದ ದುಡ್ಡು ಬಟ್ಟೆ ಈಸಿಕೊಂಡ ಗೇಹಜಿಗೆ ಬಂತು. ದೇವಾಲಯದೊಳಗೆ ತಾನೇ ಧೂಪ ಹಾಕೋಕೆ ಹೋದ ಉಜ್ಜೀಯ ರಾಜನ ಹಣೆಯ ಮೇಲೆ ಎದ್ದಿತು. ಇವೆಲ್ಲ ಇವೆಯಲ್ಲ?

— ಇವೆ. ನಾನು ಆ ಪುಟಗಳನ್ನು ಹರಿದುಹಾಕಲ್ಲ. ಆದರೆ ಯೋಹಾನನ ಸುವಾರ್ತೆಯ ಒಂಬತ್ತನೇ ಅಧ್ಯಾಯವೂ ಅದೇ ಪುಸ್ತಕದಲ್ಲಿದೆ. ಹುಟ್ಟುಕುರುಡನನ್ನು ನೋಡಿದ ಕೂಡಲೇ ಶಿಷ್ಯರು ಕೇಳಿದ್ದು ಇದನ್ನೇ: ಪಾಪ ಮಾಡಿದ್ದು ಇವನಾ, ಇವನ ಅಪ್ಪ ಅಮ್ಮನಾ? ಯೇಸು ಎರಡನ್ನೂ ಅಲ್ಲಗಳೆದು ಕೆಸರು ಮಾಡಿ ಅವನ ಕಣ್ಣಿಗೆ ಹಚ್ಚಿದ. ಲೂಕನಲ್ಲಿ ಇನ್ನೂ ಒಂದಿದೆ. ಸಿಲೊವಾಮಿನಲ್ಲಿ ಬುರುಜು ಬಿದ್ದು ಹದಿನೆಂಟು ಜನ ಸತ್ತಿದ್ದರು. ಸತ್ತವರು ಯೆರೂಸಲೇಮಿನ ಉಳಿದವರಿಗಿಂತ ದೊಡ್ಡ ಪಾಪಿಗಳಲ್ಲ ಅಂತ ಯೇಸು ಹೇಳಿದ. ಅಷ್ಟಕ್ಕೇ ಬಿಡಲಿಲ್ಲ. ಕೇಳುತ್ತಾ ನಿಂತವರ ಕಡೆ ತಿರುಗಿ, ನೀವು ಪಶ್ಚಾತ್ತಾಪಪಡಿ ಅಂದ. ಅದನ್ನು ಎಷ್ಟು ಸಲ ಓದಿದರೂ ನನಗೆ ಮೈ ಜುಮ್ಮೆನ್ನುತ್ತೆ. ಬಿದ್ದ ಬುರುಜು ಸತ್ತವರ ಬಗ್ಗೆ ಏನನ್ನೂ ಹೇಳಲಿಲ್ಲ, ಬದುಕಿದವರ ಬಗ್ಗೆ ಹೇಳಿತು.

— ಅಂದರೆ ನನ್ನ ಕಾಲಿನ ವಿಷಯದಲ್ಲಿ ಪಶ್ಚಾತ್ತಾಪಪಡಬೇಕಾದವರು ಅವರು ಅಂತಲಾ?

— ಅವರಿಗೆ ಅದು ಅವರನ್ನು ನೆನಪಿಸಬೇಕಿತ್ತು. ನಿನಗೆ ನಿನ್ನನ್ನು. ನಾನು ಇದನ್ನು ಬಾಯಿಮಾತಿಗೆ ಹೇಳ್ತಿಲ್ಲ. ಬೇರೆಯವರ ಮೈಮೇಲೆ ದೇವರ ತೀರ್ಪನ್ನು ಓದಿದರೆ ಏನಾಗುತ್ತೆ ಅಂತ ಕಣ್ಣಾರೆ ನೋಡಿದವಳು ನಾನು.

— ಕರಿಗಿರಿಯಲ್ಲಾ?

— ಹೌದು. ನರ್ಸಿಂಗ್ ಮುಗಿಸಿ ಕುಷ್ಠರೋಗದ ಕೆಲಸ ಕಲಿಯೋಕೆ ಅಂತ ವೆಲ್ಲೂರಿನ ಪಕ್ಕದ ಕರಿಗಿರಿಗೆ ಹೋದೆ. ಅಲ್ಲಿಗೆ ಬರುತ್ತಿದ್ದವರಲ್ಲಿ ಹಿಂದೂಗಳು, ಮುಸಲ್ಮಾನರು, ನಮ್ಮವರು ಎಲ್ಲರೂ ಇದ್ದರು. ಯಾವ ದೇವರಿಗೆ ಕೈ ಮುಗಿಯುವವರೇ ಆಗಲಿ, ಒಂದು ನಂಬಿಕೆ ಮಾತ್ರ ಎಲ್ಲರಲ್ಲೂ ಒಂದೇ ಆಗಿತ್ತು: ನಾನೇನೋ ಮಾಡಿದ್ದೇನೆ, ಅದಕ್ಕೇ ಇದು ಬಂದಿದೆ. ನಾರ್ವೆಯ ಹ್ಯಾನ್ಸನ್ ಅನ್ನುವ ವೈದ್ಯ 1873ರಲ್ಲೇ ಇದಕ್ಕೆ ಒಂದು ಬ್ಯಾಕ್ಟೀರಿಯಾ ಕಾರಣ ಅಂತ ಕಂಡುಹಿಡಿದಿದ್ದ. ಆಮೇಲೂ ನಮ್ಮ ದೇಶದಲ್ಲಿ 1898ರಲ್ಲಿ ಕುಷ್ಠರೋಗಿಗಳನ್ನು ಹಿಡಿದು ಕೂಡಿಹಾಕೋಕೆ ಕಾಯ್ದೆ ಮಾಡಿದರು. ಅದು ರದ್ದಾಗಿದ್ದು 2016ರಲ್ಲಿ. ನಮ್ಮ ಕ್ರೈಸ್ತರ ವಿಚ್ಛೇದನ ಕಾಯ್ದೆಯಲ್ಲೂ ಕುಷ್ಠರೋಗ ಬಂತು ಅಂದರೆ ಮದುವೆ ಮುರಿಯಬಹುದಿತ್ತು. ಅದನ್ನು ತೆಗೆದುಹಾಕಿದ್ದು 2019ರಲ್ಲಿ. ಔಷಧಿ ತಗೊಂಡರೆ ಪೂರ್ತಿ ವಾಸಿಯಾಗುವ ಕಾಯಿಲೆ ಅದು. ಸುವಾರ್ತೆಯಲ್ಲಿ ಯೇಸು ಕೈ ಚಾಚಿ ಮುಟ್ಟಿದ್ದು ಇಂಥವರನ್ನೇ. ಅವನ ಹೆಸರು ಹೇಳುವ ನಾವು ಮದುವೆಯಲ್ಲಿ ಕೊಟ್ಟ ಮಾತಿಗೆ ಇದೊಂದು ವಿನಾಯಿತಿ ಇಟ್ಟುಕೊಂಡಿದ್ದೆವು.

— ನೀವು ಅಲ್ಲಿದ್ದಾಗ ಡಾಕ್ಟರ್ ಬ್ರಾಂಡ್ ಇದ್ದರಾ?

— ಇಲ್ಲ, ಅವರು 1966ರಲ್ಲೇ ಅಮೆರಿಕದ ಕಾರ್ವಿಲ್‌ಗೆ ಹೋಗಿಬಿಟ್ಟಿದ್ದರು. ಅವರ ಕಥೆಗಳು ಮಾತ್ರ ವಾರ್ಡಿನಲ್ಲಿ ಓಡಾಡುತ್ತಿದ್ದವು. ಪಾಲ್ ಬ್ರಾಂಡ್ ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿಮಲೆಯಲ್ಲಿ, ಮಿಷನರಿಗಳ ಮಗನಾಗಿ. 1946ರಲ್ಲಿ ವೆಲ್ಲೂರಿಗೆ ಬಂದರು. ಆಗ ಕುಷ್ಠರೋಗಿಗಳ ಬೆರಳುಗಳು ತಾವಾಗಿಯೇ ಕೊಳೆತು ಉದುರುತ್ತವೆ ಅಂತ ಡಾಕ್ಟರುಗಳೂ ನಂಬಿದ್ದ ಕಾಲ. ಇವರು ಒಬ್ಬೊಬ್ಬ ರೋಗಿಯ ಒಂದೊಂದು ಗಾಯದ ಹಿಂದೆ ಬಿದ್ದು ಕಾರಣ ಹುಡುಕಿದರು. ಒಬ್ಬ ಹುಡುಗ ತುಕ್ಕು ಹಿಡಿದ ಬೀಗದ ಕೈಯನ್ನು ಎಷ್ಟು ಬಲವಾಗಿ ತಿರುಗಿಸಿದ ಅಂದರೆ ಬೆರಳು ಮೂಳೆ ಕಾಣುವಷ್ಟು ಕೊಯ್ದುಹೋಗಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ. ರಾತ್ರಿ ಮಲಗಿದಾಗ ಇಲಿಗಳು ಬೆರಳು ಕಡಿಯುತ್ತಿದ್ದವು. ಎಚ್ಚರವಾಗುತ್ತಿರಲಿಲ್ಲ. ಅದಕ್ಕೇ ಮನೆಗೆ ಹೋಗುವ ರೋಗಿಗಳ ಜೊತೆ ಬೆಕ್ಕು ಕಳಿಸುತ್ತಿದ್ದರು. ರೋಗ ನರವನ್ನು ಕೊಲ್ಲುತ್ತೆ, ಸ್ಪರ್ಶ ಹೋಗುತ್ತೆ. ಉಳಿದ ಹಾನಿಯಲ್ಲಿ ಬಹುಪಾಲು ನೋವು ಗೊತ್ತಾಗದ ಮನುಷ್ಯ ದಿನವೂ ತನಗೆ ತಾನೇ ಮಾಡಿಕೊಳ್ಳುವಂಥದ್ದು. ಇದು ಅವರು ಕಂಡುಕೊಂಡ ಸತ್ಯ.

— ನೋವಿಲ್ಲದಿರೋದೇ ಕಾಯಿಲೆ.

— ಒಂದು ಸಲ ಇಂಗ್ಲೆಂಡಿನಲ್ಲಿ ರೈಲಿನಲ್ಲಿ ಬಹಳ ಹೊತ್ತು ಕೂತು ಬಂದು, ರಾತ್ರಿ ಕಾಲುಚೀಲ ಬಿಚ್ಚುವಾಗ ಅವರಿಗೆ ಹಿಮ್ಮಡಿಯಲ್ಲಿ ಸ್ಪರ್ಶವೇ ಇರಲಿಲ್ಲವಂತೆ. ಸೂಜಿ ಚುಚ್ಚಿಕೊಂಡರೂ ಗೊತ್ತಾಗಲಿಲ್ಲ. ನನಗೂ ಬಂತು ಅಂತ ಇಡೀ ರಾತ್ರಿ ಒದ್ದಾಡಿದರು. ಬೆಳಿಗ್ಗೆ ಮತ್ತೆ ಚುಚ್ಚಿಕೊಂಡಾಗ ನೋವಿಗೆ ಕೂಗಿಬಿಟ್ಟರು. ಕೂತ ಭಂಗಿಗೆ ನರ ಜೋಮು ಹಿಡಿದಿತ್ತು, ಅಷ್ಟೇ. ನೋವಾಯಿತಲ್ಲ ಅಂತ ದೇವರಿಗೆ ಸ್ತೋತ್ರ ಹೇಳಿದರು.

— ದೊಡ್ಡಮ್ಮ, ಇದನ್ನು ಕೇಳೋಕೆ ಚೆನ್ನಾಗಿದೆ. ಆದರೆ ಆಸ್ಪತ್ರೆಯಲ್ಲಿ ರಾತ್ರಿಯಿಡೀ ಕಿರುಚುತ್ತಿದ್ದಾಗ ಯಾರಾದರೂ ಬಂದು ‘ನೋವು ವರ’ ಅಂದಿದ್ದರೆ ಪಕ್ಕದಲ್ಲಿದ್ದ ಬಾಟಲಿ ಎಸೆದಿರುತ್ತಿದ್ದೆ.

— ಎಸೆಯಬೇಕಿತ್ತು. ನರಳುವವರ ಹಾಸಿಗೆಯ ಪಕ್ಕ ನಿಂತು ಅದನ್ನು ಯಾರೂ ಹೇಳಬಾರದು. ನಾನು ನೋವು ಇಳಿಸುವ ಇಂಜೆಕ್ಷನ್ ಕೊಟ್ಟುಕೊಂಡೇ ಮುದುಕಿಯಾದವಳು. ಸುವಾರ್ತೆಗಳಲ್ಲಿ ಯಾವ ರೋಗಿಗೂ ಯೇಸು ‘ಇದು ನಿನ್ನ ಒಳ್ಳೆಯದಕ್ಕೇ, ಹೀಗೇ ಇರು’ ಅಂತ ಹೇಳಿ ಕಳಿಸಿದ್ದಿಲ್ಲ. ವಾಸಿ ಮಾಡಿದ. ಬ್ರಾಂಡ್ ಕೂಡ ಮಡಚಿಹೋದ ಬೆರಳುಗಳನ್ನು ಸ್ನಾಯು ಜೋಡಿಸಿ ಬಿಡಿಸುತ್ತಾ, ಕಾಲಿಗೆ ಮೆತ್ತನೆಯ ರಬ್ಬರ್ ಚಪ್ಪಲಿ ಮಾಡಿಸುತ್ತಾ ಆಯುಸ್ಸು ಕಳೆದರು. ನೋವಿಗೆ ಬೆಲೆ ಇದೆ ಅಂತ ತಿಳಿದವರು ನೋವು ಕಳೆಯೋಕೆ ದುಡಿದರು. ಇವೆರಡೂ ಜೊತೆಗಿಲ್ಲದ ಬೋಧನೆಯನ್ನು ನಂಬಬೇಡ.

— ನನ್ನ ಗೆಳೆಯನ ಕೈ ನೋಡಿದ್ದೀರಲ್ಲ? ಬೈಕಿನಲ್ಲಿ ನನ್ನ ಹಿಂದೆ ಕೂತಿದ್ದವನು. ಭುಜದ ಹತ್ತಿರ ನರ ಕಿತ್ತುಹೋಗಿ ಎರಡು ಬೆರಳಿಗೆ ಸ್ಪರ್ಶ ಇಲ್ಲ. ಹೋದ ವಾರ ಬಿಸಿ ಪಾತ್ರೆ ತಾಗಿ ಬೊಬ್ಬೆ ಎದ್ದಿತ್ತಂತೆ, ಅವರಮ್ಮ ನೋಡಿ ಹೇಳುವವರೆಗೂ ಅವನಿಗೆ ಗೊತ್ತಿಲ್ಲ.

— ದಿನಾ ಬೆಳಿಗ್ಗೆ ಸಂಜೆ ಬೆರಳನ್ನು ಕಣ್ಣಿಂದ ನೋಡಿಕೊಳ್ಳೋಕೆ ಹೇಳು. ಅಡಿಗೆಮನೆಯಲ್ಲಿ ಆ ಕೈ ಬಳಸುವುದೇ ಬೇಡ. ಇದನ್ನು ನಾನು ಬರೆದೇ ಕೊಡ್ತೀನಿ. ಈಗ ನಿನ್ನ ವಿಷಯ. ಆ ರಾತ್ರಿಗಿಂತ ಮುಂಚೆ ಕುಡಿದು ಗಾಡಿ ಓಡಿಸಿರಲಿಲ್ವಾ?

— ಎಷ್ಟೋ ಸಲ. ಮೊದಲ ಸಲ ಕೈ ನಡುಗಿತ್ತು. ಮನೆಗೆ ಬಂದು ಪ್ರಾರ್ಥನೆ ಮಾಡಿ, ಇನ್ನು ಮಾಡಲ್ಲ ಅಂದಿದ್ದೆ. ಏನೂ ಆಗಲಿಲ್ಲ. ಆಮೇಲೆ ಪ್ರಾರ್ಥನೆ ಬಿಟ್ಟುಹೋಯಿತು, ನಡುಕ ನಿಂತಿತು. ಭಾನುವಾರ ಪಾಪನಿವೇದನೆಯ ಹೊತ್ತಿಗೆ ಎಲ್ಲರ ಜೊತೆ ಬಾಯಿ ಆಡಿಸುತ್ತಿದ್ದೆ.

— ನಾನು ಹೇಳಬೇಕು ಅಂದುಕೊಂಡಿದ್ದು ಅದೇ. ಪಾಪದ ಫಲ ಅಂದ ಕೂಡಲೇ ಜನ ಮುರಿದ ಕಾಲು, ಬಂದ ಕಾಯಿಲೆ, ಮುಳುಗಿದ ವ್ಯಾಪಾರ ತೋರಿಸ್ತಾರೆ. ಅವು ಬಂದರೂ ಬರಬಹುದು, ಬಾರದೆಯೂ ಇರಬಹುದು. ಎಷ್ಟೋ ದುಷ್ಟರು ಸುಖವಾಗಿದ್ದಾರೆ ಅಂತ ಕೀರ್ತನೆಕಾರ ಆಸಾಫನೇ ಗೋಳಾಡಿದ್ದಾನೆ. ತಪ್ಪದೆ ಬರುವ ಫಲ ಬೇರೆ. ಅದು ಜೋಮು. ನಿನ್ನ ನಡುಕ ನಿಂತ ದಿನ ನಿನಗೆ ಶಿಕ್ಷೆ ಆಗಿಹೋಗಿತ್ತು, ನೀನು ಆರಾಮವಾಗಿ ಊಟ ಮಾಡಿ ಮಲಗಿದ್ದೆ. ಎಫೆಸದವರಿಗೆ ಬರೆಯುವಾಗ ಪೌಲ ಈ ಸ್ಪರ್ಶಗೇಡಿನ ಮಾತನ್ನೇ ಎತ್ತುತ್ತಾನೆ. ತಿಮೊಥೆಯನಿಗೆ ಬರೆಯುವಾಗ ಬರೆ ಎಳೆಸಿಕೊಂಡ ಮನಸ್ಸಾಕ್ಷಿ ಅನ್ನುತ್ತಾನೆ.

— ಹಾಗಾದರೆ ಈಗ ರಾತ್ರಿಯೆಲ್ಲ ನಿದ್ದೆ ಬರದೆ ಉರಿಯುತ್ತಿರೋದು?

— ಸ್ಪರ್ಶ ಮರಳಿದೆ. ನಾನು ಅದನ್ನು ಕೃಪೆ ಅಂತೀನಿ. ಬಿದ್ದದ್ದನ್ನಲ್ಲ, ಕಾಲು ಮುರಿದದ್ದನ್ನಲ್ಲ. ನಿನ್ನ ಗೆಳೆಯನ ಕೈ ನೆನಪಾದಾಗ ನಿನಗೆ ಹೊಟ್ಟೆಯೊಳಗೆ ಚುಚ್ಚುತ್ತಲ್ಲ, ಅದನ್ನು. ದೇವರು ನಿನ್ನನ್ನು ಬಿಟ್ಟುಬಿಟ್ಟಿದ್ದರೆ ಅದೂ ಇರುತ್ತಿರಲಿಲ್ಲ. ಕಾರ್ವಿಲ್‌ನಲ್ಲಿ ಬ್ರಾಂಡ್ ಇನ್ನೊಂದು ಪ್ರಯತ್ನ ಮಾಡಿದ್ದರು. ಯಂತ್ರದಿಂದ ನೋವು ತಯಾರಿಸೋಕೆ ಹೋದರು. ಕೈಗವಸಿನಲ್ಲಿ ಒತ್ತಡ ಅಳೆಯುವ ಸಾಧನ ಇಟ್ಟು, ಜಾಸ್ತಿ ಒತ್ತಿದರೆ ಶಬ್ದ ಬರುವಂತೆ ಮಾಡಿದರು. ಶಬ್ದ ಬಂದರೂ ಜನ ಕೆಲಸ ನಿಲ್ಲಿಸಲಿಲ್ಲ. ಆಮೇಲೆ, ಸ್ಪರ್ಶ ಉಳಿದಿದ್ದ ಕಡೆ ಕರೆಂಟ್ ಹೊಡೆಯುವಂತೆ ಮಾಡಿದರು. ಕೆಲಸ ಮುಗಿಸಬೇಕಾದಾಗ ಅದನ್ನು ಕಳಚಿಟ್ಟು, ಮುಗಿದ ಮೇಲೆ ಹಾಕಿಕೊಂಡರು. ವರ್ಷಗಟ್ಟಲೆ ದುಡಿದು ಕೊನೆಗೆ ಕೈಬಿಟ್ಟರು. ನೋಯಿಸದ ಎಚ್ಚರಿಕೆಯನ್ನು ಮನುಷ್ಯ ಕೇಳಲ್ಲ, ತನ್ನ ಹತೋಟಿಯಲ್ಲಿರುವ ಎಚ್ಚರಿಕೆಯನ್ನು ಬೇಕಾದಾಗ ಆರಿಸಿಬಿಡ್ತಾನೆ.

— ನನ್ನ ಭಾನುವಾರದ ಪಾಪನಿವೇದನೆಯೂ ಹಾಗೇ ಇತ್ತು.

— ನಮ್ಮೆಲ್ಲರದೂ ಎಷ್ಟೋ ವಾರ ಹಾಗೇ ಇರುತ್ತೆ. ಆದರೆ ಒಂದು ಪೆಟ್ಟು ಬಿದ್ದರೆ ಎಲ್ಲವೂ ಎಚ್ಚರವಾಗಿಬಿಡುತ್ತೆ ಅಂತಲೂ ತಿಳಿಯಬೇಡ. ಜಾನ್ ನ್ಯೂಟನ್ ನೆನಪಿಸಿಕೋ. ‘ಅಮೇಜಿಂಗ್ ಗ್ರೇಸ್’ ಬರೆದವನು.

— ಗುಲಾಮರ ಹಡಗಿನವನು. ಬಿರುಗಾಳಿಯಲ್ಲಿ ಮನಸ್ಸು ತಿರುಗಿತು ಅಂತ ಭಾನುವಾರ ಶಾಲೆಯಲ್ಲಿ ಕೇಳಿದ್ದೆ.

— ಭಾನುವಾರ ಶಾಲೆಯಲ್ಲಿ ಕಥೆಯನ್ನು ಬೇಗ ಮುಗಿಸಿಬಿಡ್ತಾರೆ. ಬಿರುಗಾಳಿ 1748ರಲ್ಲಿ. ಮುಳುಗುವ ಹಡಗಿನಲ್ಲಿ ದೇವರನ್ನು ಕೂಗಿದ, ಬದುಕಿದ, ಬೈಗುಳದ ನಾಲಿಗೆಯನ್ನು ಬಿಗಿಹಿಡಿದ. ಆಮೇಲೆ ಗುಲಾಮರ ಹಡಗಿಗೇ ಕ್ಯಾಪ್ಟನ್ ಆದ! ಮೇಲೆ ಬೈಬಲ್ ಓದುತ್ತಿದ್ದ, ಕೆಳಗೆ ಜನರನ್ನು ಸರಪಳಿ ಹಾಕಿ ಪೇರಿಸಿದ್ದರು. ಸಮುದ್ರ ಬಿಟ್ಟದ್ದು 1754ರಲ್ಲಿ, ಅದೂ ಮೈ ಹುಷಾರಿಲ್ಲದೆ. ಆ ವ್ಯಾಪಾರದ ವಿರುದ್ಧ ಪುಸ್ತಿಕೆ ಬರೆದು, ತಾನೂ ಅದರಲ್ಲಿ ಕೈಯಾಡಿಸಿದ್ದು ಎಂದೆಂದಿಗೂ ತನಗೆ ನಾಚಿಕೆಯ ವಿಷಯ ಅಂತ ಒಪ್ಪಿಕೊಂಡಿದ್ದು 1788ರಲ್ಲಿ. ಬಿರುಗಾಳಿಗೂ ಆ ಪುಸ್ತಿಕೆಗೂ ನಡುವೆ 40 ವರ್ಷ. ಅಷ್ಟರಲ್ಲಿ ಎಷ್ಟು ಹಡಗು ಹೋದವು, ಎಷ್ಟು ಜನ ಸತ್ತರು. ಕೃಪೆ ಅವನನ್ನು ಹಿಡಿದಿತ್ತು ಅಂತ ನಾನು ನಂಬ್ತೀನಿ. ಆ 40 ವರ್ಷವನ್ನು ಸಣ್ಣದು ಮಾಡೋಕೆ ಮಾತ್ರ ನನಗೆ ಮನಸ್ಸು ಬರಲ್ಲ. ತನ್ನ ಜೀವದ ಭಯ ಅವನಿಗೆ ತನ್ನ ಪಾಪವನ್ನು ತೋರಿಸಿತು. ಬೇರೆಯವರ ನೋವು ತಟ್ಟಿದಾಗ ಮಾತ್ರ ಆ ದೊಡ್ಡ ಪಾಪ ಕಾಣಿಸಿತು. ನಿನ್ನ ಕಾಲಿನ ನೋವೂ ಒಂದಿಷ್ಟು ದೂರ ಮಾತ್ರ ನಿನ್ನನ್ನು ಕರೆದುಕೊಂಡು ಹೋಗುತ್ತೆ.

— ಕ್ಷಮೆ ಸಿಕ್ಕ ಮೇಲೂ ಫಲ ಉಳಿಯೋದು ಯಾಕೆ? ಕ್ಷಮಿಸಿದ ದೇವರು ನನ್ನ ಗೆಳೆಯನ ನರ ಜೋಡಿಸಬಾರದಿತ್ತಾ?

— ದಾವೀದನೂ ಅದನ್ನೇ ಕೇಳಿರಬೇಕು. ಊರೀಯನ ಹೆಂಡತಿ ಬತ್ಷೆಬೆಯನ್ನು ತೆಗೆದುಕೊಂಡ, ಊರೀಯನನ್ನು ಯುದ್ಧದ ಮುಂದಿನ ಸಾಲಿಗೆ ಕಳಿಸಿ ಕೊಲ್ಲಿಸಿದ. ಪ್ರವಾದಿ ನಾತಾನ ಬಂದು ಬಡವನ ಕುರಿಮರಿಯ ಕಥೆ ಹೇಳುವವರೆಗೂ ಅವನಿಗೆ ಏನೂ ತಟ್ಟಿರಲಿಲ್ಲ. ಪಾಪ ಮಾಡಿದ್ದೇನೆ ಅಂತ ಒಪ್ಪಿಕೊಂಡ ಕೂಡಲೇ ಕ್ಷಮೆಯ ಮಾತು ಬಂತು. ಕತ್ತಿ ನಿನ್ನ ಮನೆ ಬಿಟ್ಟು ಹೋಗದು ಅನ್ನೋ ಮಾತನ್ನು ಮಾತ್ರ ವಾಪಸ್ ತಗೊಳ್ಳಲಿಲ್ಲ. ಸತ್ತ ಊರೀಯ ಎದ್ದು ಬರಲಿಲ್ಲ.

— ಬತ್ಷೆಬೆಯ ಮಗುವೂ ಸತ್ತಿತು.

— ಆ ಅಧ್ಯಾಯ ಬಂದಾಗ ನಾನು ಓದೋದನ್ನು ನಿಲ್ಲಿಸಿಬಿಡ್ತೀನಿ.

— ಬೇಡ, ಬಿಡಿ ದೊಡ್ಡಮ್ಮ.

— ಇಲ್ಲ, ಹೇಳ್ತೀನಿ. ನಿನ್ನ ಅಕ್ಕ ಜ್ವರದಲ್ಲಿ ಹೋದಾಗ ಅವಳಿಗೆ ಮೂರು ವರ್ಷ. ಸಭೆಯ ಹೆಂಗಸೊಬ್ಬರು ಮನೆಗೆ ಬಂದು, ನೀನು ರೋಗಿಗಳ ಹಿಂದೆ ಬಿದ್ದು ಮಗುವನ್ನು ಅಲಕ್ಷ್ಯ ಮಾಡಿದೆ, ದೇವರು ವಾಪಸ್ ತಗೊಂಡ ಅಂದರು. ದಾವೀದನ ಮಗುವಿನ ಉದಾಹರಣೆಯನ್ನೂ ಕೊಟ್ಟರು. ಎಷ್ಟೋ ವರ್ಷ ಅದು ನನ್ನ ಎದೆಯಲ್ಲಿ ಕೂತಿತ್ತು. ಈಗ ಹೇಳ್ತೀನಿ ಕೇಳು, ಅದು ಸುಳ್ಳು. ನಾತಾನನಿಗೆ ದೇವರು ಹೇಳಿ ಕಳಿಸಿದ್ದ, ಆ ಹೆಂಗಸಿಗೆ ಯಾರೂ ಹೇಳಿರಲಿಲ್ಲ. ಯೋಬನ ಗೆಳೆಯರು ಏಳು ದಿನ ಬಾಯಿ ಬಿಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರಲ್ಲ, ಅಷ್ಟು ದಿನ ಅವರು ಒಳ್ಳೆಯ ಗೆಳೆಯರೇ. ಎಲೀಫಜ ಬಾಯಿ ತೆರೆದು, ನಿರಪರಾಧಿ ಎಲ್ಲಾದರೂ ನಾಶವಾದದ್ದುಂಟಾ ಅಂತ ಕೇಳಿದ. ಅಲ್ಲಿಂದ ಕೆಟ್ಟಿತು. ಕೊನೆಗೆ ದೇವರು ಕೋಪಿಸಿಕೊಂಡಿದ್ದು ಆ ಗೆಳೆಯರ ಮೇಲೆ. ಅವರ ಪರವಾಗಿ ಯೋಬನೇ ಪ್ರಾರ್ಥನೆ ಮಾಡಬೇಕಾಯಿತು.

— ಹಾಗಾದರೆ ಅಕ್ಕನ ಸಾವು ನಿಮಗೆ ಏನನ್ನು ನೆನಪಿಸಿತು?

— ಪಾಪವನ್ನೇ. ನನ್ನ ಇಂಥ ದಿನದ ಇಂಥ ಪಾಪವನ್ನಲ್ಲ. ಮೂರು ವರ್ಷದ ಮಗು ಸಾಯುವ ಈ ಲೋಕ ದೇವರು ಮಾಡಿದಾಗ ಇದ್ದ ಹಾಗೆ ಇಲ್ಲ, ಎಲ್ಲೋ ಬೇರಿನಲ್ಲೇ ಒಡೆದಿದೆ ಅನ್ನೋದನ್ನು. ಸೃಷ್ಟಿಯೆಲ್ಲ ನರಳುತ್ತಿದೆ ಅಂತ ಪೌಲ ರೋಮದವರಿಗೆ ಬರೆದದ್ದು ಅವತ್ತು ನನಗೆ ಅರ್ಥವಾಯಿತು. ನಿನ್ನ ನೋವಿಗೆ ನಿನ್ನ ಹೆಸರಿನ ಕಾರಣ ಇದೆ. ನನ್ನದಕ್ಕೆ ಇರಲಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವವರು ನಿನ್ನನ್ನು ಹಗುರ ಮಾಡ್ತಾರೆ, ನನ್ನನ್ನು ಜಜ್ಜಿಹಾಕ್ತಾರೆ.

— ಎರಡಕ್ಕೂ ಒಬ್ಬನೇ ದೇವರು ಸಾಕಾಗ್ತಾನಾ?

— ಶಿಲುಬೆಯ ಮುಂದೆ ಎರಡನ್ನೂ ತಂದಿಟ್ಟಿದ್ದೀನಿ. ಬೇರೆ ಕಡೆ ಇಡೋಕೆ ನನಗೆ ಜಾಗ ಸಿಗಲಿಲ್ಲ. ಅಲ್ಲಿ ಪಾಪ ಏನು ಮಾಡುತ್ತೆ ಅನ್ನೋದು ಪೂರ್ತಿ ಕಾಣುತ್ತೆ, ಪಾಪ ಮಾಡದವನ ಮೈಮೇಲೆ. ಬ್ರಾಂಡ್ ಒಂದು ಸಂಜೆ ವೆಲ್ಲೂರಿನ ರೋಗಿಗಳ ಆರಾಧನೆಯಲ್ಲಿ ಮಾತಾಡಿದ್ದರಂತೆ. ಏನು ಹೇಳೋದು ಅಂತ ತೋಚದೆ ಎದುರಿಗೆ ನೋಡಿದರು. ಬೆರಳಿಲ್ಲದ ಕೈ, ಮಡಚಿಹೋದ ಕೈ, ಎಲ್ಲರೂ ಮುಚ್ಚಿಟ್ಟುಕೊಂಡಿದ್ದರು. ಅವರು ಯೇಸುವಿನ ಕೈಗಳ ಬಗ್ಗೆ ಮಾತಾಡಿದರು. ಮಗುವಿನ ಕೈ, ಬಡಗಿಯ ಕೈ, ರೋಗಿಯನ್ನು ಮುಟ್ಟಿದ ಕೈ. ಆಮೇಲೆ ಮೊಳೆ ಹೊಡೆಸಿಕೊಂಡ ಕೈ. ಆ ಜಾಗದಲ್ಲಿ ಮೊಳೆ ಹೋದರೆ ನರ ತುಂಡಾಗಿ ಬೆರಳುಗಳು ನಿಮ್ಮದರ ಹಾಗೆಯೇ ಮಡಚಿಕೊಂಡಿರುತ್ತವೆ ಅಂತ, ಕೈ ಶಸ್ತ್ರಚಿಕಿತ್ಸೆಯ ಡಾಕ್ಟರಾಗಿ ಹೇಳಿದರು. ಎದ್ದು ಬಂದ ಮೇಲೂ ಆ ಗುರುತು ಹೋಗಲಿಲ್ಲ, ತೋಮನಿಗೆ ತೋರಿಸಿದ್ದು ಅದನ್ನೇ ಅಂದರು. ಮಾತು ಮುಗಿಯುವಾಗ ಜನ ಮುಚ್ಚಿಟ್ಟಿದ್ದ ಕೈಗಳನ್ನು ಜೋಡಿಸಿ ಮೇಲೆತ್ತಿದ್ದರಂತೆ. ಕ್ಷಮೆ ಸಿಕ್ಕ ಮೇಲೂ ಗುರುತು ಯಾಕೆ ಉಳಿಯಬೇಕು ಅಂತ ಕೇಳಿದೆಯಲ್ಲ, ಅದಕ್ಕೆ ನನ್ನ ಹತ್ತಿರ ವಾದ ಇಲ್ಲ. ಮಹಿಮೆಯ ಮೈಯಲ್ಲೂ ಗುರುತು ಇಟ್ಟುಕೊಂಡವನು ನಮಗೆ ಕರ್ತನಾಗಿದ್ದಾನೆ ಅನ್ನೋದಷ್ಟೇ ಇದೆ.

— ಒಂದು ವಿಷಯ ನಿಮಗೆ ಹೇಳಿಲ್ಲ, ದೊಡ್ಡಮ್ಮ. ನಾನು ಕುಡಿದಿದ್ದೆ ಅಂತ ಅವನ ಮನೆಯವರಿಗೆ ಗೊತ್ತಿಲ್ಲ. ಎಮ್ಮೆ ಅಡ್ಡ ಬಂತು ಅಂದಿದ್ದೆ. ಅವನಿಗೂ ಪೆಟ್ಟಿನಿಂದ ಆ ಸಂಜೆಯ ನೆನಪಿಲ್ಲ. ಅವರಮ್ಮ ನನಗೇ ಸಮಾಧಾನ ಹೇಳಿದರು.

— ಎಮ್ಮೆ ಇರಲೇ ಇಲ್ವಾ?

— ಇರಲಿಲ್ಲ.

— ಹಾಗಾದರೆ ನಿನಗೆ ನಿದ್ದೆ ಕೊಡದಿರೋದು ಕಾಲಲ್ಲ.

— ದೇವರ ಮುಂದೆ ಒಪ್ಪಿಕೊಂಡಿದ್ದೀನಿ. ಎಷ್ಟು ಸಲ ಅಂತ ಲೆಕ್ಕವಿಲ್ಲ.

— ದೇವರಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದಿರೋದು ಆ ತಾಯಿಗೆ. ಜಕ್ಕಾಯ ಮೋಸ ಮಾಡಿದ್ದನ್ನು ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದದ್ದು ಯಾವಾಗ? ಯೇಸು ಅವನ ಮನೆಗೆ ಬರ್ತೀನಿ ಅಂದ ಮೇಲೆ. ಕೊಟ್ಟು ಕೃಪೆ ಪಡೆಯಲಿಲ್ಲ, ಕೃಪೆ ಸಿಕ್ಕಿದ್ದಕ್ಕೆ ಕೊಡೋ ಧೈರ್ಯ ಬಂತು. ನೀನು ಕ್ಷಮೆ ಗಳಿಸೋಕೆ ಅವರ ಮನೆಗೆ ಹೋಗುತ್ತಿಲ್ಲ. ಕ್ಷಮೆ ಸಿಕ್ಕವನು ಸುಳ್ಳು ಹೊತ್ತುಕೊಂಡು ತಿರುಗಬೇಕಾಗಿಲ್ಲ ಅಂತ ಹೋಗ್ತಿದ್ದೀಯ.

— ಪೊಲೀಸರಿಗೂ ಎಮ್ಮೆ ಅಂತಲೇ ಹೇಳಿಕೆ ಕೊಟ್ಟಿದ್ದೆ. ನಿಜ ಹೇಳಿದರೆ ಕೇಸ್ ಆಗಬಹುದು. ಕೆಲಸಕ್ಕೂ ತೊಂದರೆ.

— ಆಗಬಹುದು. ಒಬ್ಬ ವಕೀಲರ ಹತ್ತಿರ ಮೊದಲು ಮಾತಾಡೋಣ, ಹೇಗೆ ಹೇಳಬೇಕು ಅಂತ ಕೇಳೋಣ. ಹೇಳಬೇಕಾ ಬೇಡವಾ ಅಂತ ಕೇಳೋದು ಬೇಡ. ಅವನ ಚಿಕಿತ್ಸೆಗೆ ನಿನ್ನ ಸಂಬಳದಿಂದ ತಿಂಗಳು ತಿಂಗಳು ಏನು ಕೊಡೋಕಾಗುತ್ತೆ ನೋಡು. ಕೈ ವ್ಯಾಯಾಮಕ್ಕೆ ಕರೆದುಕೊಂಡು ಹೋಗೋದು, ಬರೋದು, ಅದನ್ನೂ ನೀನೇ ವಹಿಸಿಕೋ, ಅವರು ಒಪ್ಪಿದರೆ.

— ಬಾಗಿಲು ಹಾಕಿಬಿಟ್ಟರೆ?

— ಅದು ಅವರ ಹಕ್ಕು. ಕ್ಷಮಿಸಬೇಕು ಅಂತ ವಾಕ್ಯ ಎತ್ತಿ ಅವರಿಗೆ ಹೇಳೋಕೆ ಹೋಗಬೇಡ. ಮಗ ಅಬ್ಷಾಲೋಮನಿಗೆ ಹೆದರಿ ದಾವೀದ ಓಡಿಹೋಗುವಾಗ ಶಿಮ್ಮೀ ಅನ್ನುವವನು ದಾರಿಯುದ್ದಕ್ಕೂ ಕಲ್ಲು ಎಸೆದು ಶಪಿಸಿದ. ತಲೆ ತೆಗೆಯಲಾ ಅಂತ ಜೊತೆಯವರು ಕೇಳಿದರೆ, ಬಿಡಿ, ಶಪಿಸಲಿ ಅಂದ ದಾವೀದ. ಸಿಂಹಾಸನದ ಮೇಲೆ ಕೂತಿದ್ದಾಗ ಇಲ್ಲದ ದೊಡ್ಡತನ ಆ ದಾರಿಯಲ್ಲಿ ಅವನಿಗೆ ಬಂದಿತ್ತು.

— ನೀವೂ ಬರ್ತೀರಾ?

— ಅವರ ಬೀದಿಯ ತನಕ ಬರ್ತೀನಿ. ಒಳಗೆ ನೀನೊಬ್ಬನೇ ಹೋಗು. ನನ್ನ ನರೆಗೂದಲು ಕಂಡರೆ ಆ ತಾಯಿ ಮರ್ಯಾದೆಗೆ ಮಾತು ನುಂಗಿಕೊಳ್ತಾರೆ. ಅವರು ನುಂಗಿಕೊಳ್ಳಬಾರದು. ಹೇಳೋದನ್ನೆಲ್ಲ ನಿನ್ನ ಮುಖಕ್ಕೇ ಹೇಳಲಿ.